ತೂತಿನ ಗಡಿಗೆ ಮತ್ತು ವಿಲಾಯ್ತಿ ಬದನೆ

ಕುಂಬಾರರ ಅಂಗಳದಲ್ಲಿ ದಿನಕ್ಕೊಂದು ಮಡಕೆ ಒಡೆಯುತ್ತದೆ, ವಾರಕ್ಕೊಂದು ನಗೆಪಾಟಲು ಆಗುತ್ತದೆ. ಎರಡನ್ನೂ ತಡೆಯೋದು ನನ್ನ ಕೈಲಿ ಆಗಲಿಲ್ಲ.

ನಮ್ಮದು ಹಿರಿಯೂರಿನ ಹೊಳೆದಂಡೆಯ ಕುಂಬಾರ ಕೇರಿ. ನನ್ನ ಗಂಡ, ನನ್ನ ಮೈದುನ, ಇಬ್ಬರೇ ಅಣ್ಣತಮ್ಮಂದಿರು. ಪಾಲಾದ ಮೇಲೆ ಎದುರುಬದುರು ಮನೆ, ನಡುವೆ ಒಂದೇ ಅಂಗಳ, ಮಡಕೆ ಸುಡೋಕೆ ಹಿತ್ತಲಲ್ಲಿ ಒಂದೇ ಆವಿಗೆ, ಎರಡೂ ಮನೆಗೆ ಒಬ್ಬರೇ ಅತ್ತೆ. ಮೈದುನನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ಹೊಳಲ್ಕೆರೆಯ ಹೆಣ್ಣು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅವಳ ಒಲೆಯ ಹೊಗೆ ನನ್ನ ಒಲೆಯ ಹೊಗೆಗಿಂತ ನೆಟ್ಟಗೆ ಮೇಲೆ ಹೋದರೂ ನನಗೆ ಸಂಕಟ. ಈಗ ವಯಸ್ಸಾಗಿದೆ, ಒಪ್ಪಿಕೊಳ್ಳೋಕೆ ನಾಚಿಕೆ ಇಲ್ಲ.

ಆಗ ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟುತ್ತಿದ್ದರು. ಆ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದ ನೌಕರರು ಹೆಂಡಿರು ಮಕ್ಕಳ ಸಮೇತ ನಮ್ಮ ಕಡೆ ಬಿಡಾರ ಮಾಡಿದ್ದರು. ಯಾವುದೋ ಬಿಳಿ ದೊರೆಯ ಬಂಗಲೆಯ ಮಾಲಿಯಿಂದ ಒಂದು ಹೊಸ ಬೀಜ ಅವರ ಕೈಗೆ ಬಂತು. ಈಗ ಎಲ್ಲರೂ ಟೊಮೆಟೊ ಅನ್ನುತ್ತಾರಲ್ಲ, ಅದೇ. ನಮ್ಮ ಕೇರಿಯಲ್ಲಿ ಅದಕ್ಕೆ ವಿಲಾಯ್ತಿ ಬದನೆ ಅಂತ ಹೆಸರಿಟ್ಟೆವು. ಎಲೆ ನೋಡಿದರೆ ಬದನೆಯ ದಾಯಾದಿ, ಹಣ್ಣು ನೋಡಿದರೆ ಬಿಸಿಲಿಗೆ ಬಂದ ದೊರೆಯ ಕೆನ್ನೆ. ತಿನ್ನೋಕೆ ಧೈರ್ಯ ಸಾಲದು, ಆದರೆ ಮನೆ ಮುಂದೆ ಇಟ್ಟುಕೊಳ್ಳೋಕೆ ಎಲ್ಲರಿಗೂ ಆಸೆ. ಇಡೋದು ಯಾವುದರಲ್ಲಿ? ಅಲ್ಲಿಂದ ಶುರುವಾಯ್ತು ನನ್ನ ಗ್ರಹಚಾರ.

೧. ಸೋರೋದೇ ಬೇಕಂತೆ

ಒಂದು ಬೆಳಿಗ್ಗೆ ಕಟ್ಟೆ ಕೆಲಸದ ಓವರ್ಸಿಯರರ ಹೆಂಡತಿ ಗಾಡಿಯಲ್ಲಿ ಬಂದಿಳಿದರು. ಮೈಸೂರಿನ ಕಡೆಯವರು, ಮೆತ್ತಗೆ ಮಾತಾಡುವವರು. ನಾನು ಒಳ್ಳೊಳ್ಳೆ ಗಡಿಗೆ ಆರಿಸಿ ಮುಂದಿಟ್ಟು, ಬೆರಳ ಗಿಣ್ಣಿನಿಂದ ತಟ್ಟಿ ಟಣ್ ಅನ್ನಿಸಿ ತೋರಿಸಿದೆ. ಅವರು ಒಂದೊಂದನ್ನೇ ಎತ್ತಿ, ಬುಡ ನೋಡಿ, ಕೆಳಗಿಟ್ಟರು.

"ತಳದಲ್ಲಿ ತೂತು ಇರೋ ಮಡಕೆ ಇಲ್ಲವೇನಮ್ಮ?" ಅಂದರು.

ನನಗೆ ಮೈಯೆಲ್ಲ ಉರಿದುಹೋಯ್ತು. ಮೂರು ತಲೆಮಾರಿನಿಂದ ಸೋರದ ಮಡಕೆ ಅಂತ ಹೆಸರು ಮಾಡಿದ ಮನೆ. ಬೆಳಿಗ್ಗೆ ಬೆಳಿಗ್ಗೆ ಬಂದು ತೂತಿನ ಮಡಕೆ ಐತಾ ಅಂತ ಕೇಳೋದಾ? ಸಿಟ್ಟು ನುಂಗಿಕೊಂಡು, ಇದರಲ್ಲೂ ಒಂದು ಲಾಭ ನೋಡೋಣ ಅಂತ ಹೇಳಿದೆ: "ನಮ್ಮಲ್ಲಿ ಅಂಥವು ಇಲ್ರಿ ಅಮ್ಮಾವ್ರೆ. ಎದುರು ಮನೇಗೆ ಹೋಗ್ರಿ. ಅವರು ಮಾಡೋವೆಲ್ಲ ಸೋರೋವೇ."

ಆಯಮ್ಮನ ಮುಖ ಅರಳಿತು. "ಹೌದಾ! ಎಷ್ಟು ಒಳ್ಳೇದಾಯ್ತು" ಅಂತ ನೆಟ್ಟಗೆ ಎದುರು ಮನೆಗೆ ನಡೆದರು. ನನ್ನ ವಾರಗಿತ್ತಿ ಒಂದು ಗಳಿಗೆ ಕಣ್ಣು ಬಿಟ್ಟಳು. ಆಮೇಲೆ ಅವರನ್ನು ಆವಿಗೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಸುಡುವಾಗ ಬಿರಿದದ್ದು, ತಳ ಕಿತ್ತದ್ದು ಎಲ್ಲ ಅಲ್ಲೇ ಬಿದ್ದಿದ್ದವು. ಅರ್ಧ ತಾಸಿನಲ್ಲಿ ಗಾಡಿ ತುಂಬಿತು.

ಹೊಳೆಗೆ ನೀರಿಗೆ ಹೋದಾಗ ವಾರಗಿತ್ತಿಯನ್ನು ಕೇಳಿದೆ, "ಏನಂತೆ ಆಯಮ್ಮಂದು?"

"ಗಿಡ ಹಾಕ್ತಾರಂತೆ ಅಕ್ಕ. ನೀರು ನಿಂತ್ರೆ ಬೇರು ಕೊಳೀತೈತಂತೆ, ಅದಕ್ಕೇ ತಳ ತೂತು ಬೇಕಂತೆ. ನೀವೇ ಕಳಿಸಿದ್ರಂತಲ್ಲ? ಭಾಳ ಹೊಗಳ್ತಿದ್ರು ನಿಮ್ಮನ್ನ."

ವಾರಗಿತ್ತಿಯ ಸಾಮಾನನ್ನು ನಾನು ಊರೆಲ್ಲ ಹಳಿದಿದ್ದೇನೆ. ನನ್ನ ಮಾತು ನಂಬಿ ಯಾರಾದರೂ ನಡೆದುಕೊಂಡದ್ದು ಅದೇ ಮೊದಲು.

೨. ಸಂತೆಯ ಗಡಿಗೆ

ಆವತ್ತಿನಿಂದ ಗಂಡನ ಬೆನ್ನು ಹತ್ತಿದೆ. "ನೋಡ್ರಿ, ಇನ್ನು ಮೇಲೆ ತಿಗರಿಯಿಂದ ಇಳಿಸೋ ಗಡಿಗೆಗೆಲ್ಲ ಹಸಿ ಇರುವಾಗಲೇ ತಳಕ್ಕೆ ಬೆರಳು ಹಾಕಿ ತೂತು ಮಾಡ್ರಿ."

"ಲೇ, ನಮ್ಮಪ್ಪ ಇದ್ದಿದ್ರೆ ದೊಣ್ಣೆ ತಗಂಡು ಬತ್ತಿದ್ದ" ಅಂದರು ಅವರು. ಆದರೂ ಮಾಡಿದರು. ಪಾಪ, ನನ್ನ ಬಾಯಿಗಿಂತ ಅವರಪ್ಪನ ದೊಣ್ಣೆಯೇ ವಾಸಿ ಅನ್ನಿಸಿರಬೇಕು, ಆದರೆ ಅಪ್ಪ ಇರಲಿಲ್ಲವಲ್ಲ.

ಇಡೀ ಆವಿಗೆ ತೂತಿನ ಗಡಿಗೆ. ಸಂತೆಗೆ ಹೊತ್ತೆ. ಬಿಡಾರದ ಅಮ್ಮಂದಿರು ಒಬ್ಬರೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಕುರುಬರ ಹೆಂಗಸು ಬಂದು ಒಂದು ಗಡಿಗೆ ತಟ್ಟಿದಳು. ಟಣ್ ಅಂತು. ಇದು ಗಿಡದ್ದು ತಾಯಿ ಅಂತ ಹೇಳಬೇಕಿತ್ತು. ಅಷ್ಟರಲ್ಲಿ ಆಚೆ ಸಾಲಿನಲ್ಲಿ ವಾರಗಿತ್ತಿಯ ಬುಟ್ಟಿ ಖಾಲಿಯಾಗುತ್ತಿರೋದು ಕಣ್ಣಿಗೆ ಬಿತ್ತು, ಬಾಯಿ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಕುರುಬರ ಹೆಂಗಸು ಗಡಿಗೆ ತಗೊಂಡು ಹೋದಳು.

ಸ್ವಲ್ಪ ಹೊತ್ತಿಗೆ ವಾಪಸು ಬಂದಳು. ಸೊಂಟದ ಮೇಲೆ ಗಡಿಗೆ, ಸೊಂಟದಿಂದ ಕೆಳಗೆ ಸೀರೆಯೆಲ್ಲ ನೀರು.

"ಏನಕ್ಕಾ ಇದು? ತುಂಬಿದಷ್ಟೂ ಕಾಲ ಮೇಲೆ ಬರ್ತೈತೆ!"

"ಅದು ಗಿಡ ಹಾಕಾಕೆ ಅಂತ ಮಾಡಿದ್ದು ತಾಯಿ..."

"ಮೊದ್ಲೇ ಹೇಳಾಕೆ ಏನಾಗಿತ್ತು ನಿಂಗೆ? ನನ್ ಗಂಡ ಬೆಳಿಗ್ಗೆಯಿಂದ ಕುರಿ ಹಿಂದೆ ತಿರುಗಿ ಬಾಯಾರಿ ಅಲ್ಲಿ ನಿಂತವ್ನೆ. ಅವನನ್ನೇ ಇದರಾಗೆ ನೆಟ್ಟು ನೀರು ಹಾಕ್ಲಾ?"

೩. ಒಂದು ಗೇಣು ಹೆಚ್ಚು

ಓವರ್ಸಿಯರರ ಮನೆಯ ಗಿಡಗಳ ಸುದ್ದಿ ತಾಲ್ಲೂಕು ಕಚೇರಿಯ ಶಿರಸ್ತೇದಾರರ ಹೆಂಡತಿಯ ಕಿವಿಗೆ ಬಿತ್ತು. ಆಯಮ್ಮ ಖುದ್ದಾಗಿ ನಮ್ಮ ಅಂಗಳಕ್ಕೆ ಬಂದರು.

"ಓವರ್ಸಿಯರ್ ಮನೇಲಿ ಎಷ್ಟು ದೊಡ್ಡ ಮಡಕೆ ಇದೆ?"

ಕೈಯಲ್ಲಿ ತೋರಿಸಿದೆ.

"ಅದಕ್ಕಿಂತ ಒಂದು ಗೇಣು ಹೆಚ್ಚಿರಲಿ."

ನನಗೆ ಎಷ್ಟು ಹಿತವಾಯ್ತು ಅಂತೀರಿ! ಹೊಟ್ಟೆಕಿಚ್ಚು ನನ್ನೊಬ್ಬಳ ಆಸ್ತಿ ಅಂದುಕೊಂಡಿದ್ದೆ. ಓದುಬರಹ ಬಲ್ಲವರ ಮನೇಲೂ ಐತೆ. ಎಂಟು ದಿನಕ್ಕೆ ಓವರ್ಸಿಯರರ ಹೆಂಡತಿ ಬಂದರು. ಮೆತ್ತಗೆ ಮಾತಾಡುವವರೇ, ಆದರೆ ಮಾತು ಅದೇ: "ಶಿರಸ್ತೇದಾರರ ಮನೆಯದಕ್ಕಿಂತ ಒಂದು ಗೇಣು." ಹೀಗೇ ಗೇಣಿನ ಮೇಲೆ ಗೇಣು ಏರಿ ಏರಿ, ಕಡೆಗೆ ಶಿರಸ್ತೇದಾರರ ಹೆಂಡತಿ ನಮ್ಮ ಮನೆಯ ಗುಡಾಣದ ಮುಂದೆ ಬಂದು ನಿಂತರು. ಕಾಳು ತುಂಬೋ ಗುಡಾಣ ಅದು, ನನ್ನ ಎದೆಮಟ್ಟ.

ನನ್ನ ಗಂಡ ಸುಮ್ಮನಿರಬಾರದಾ? "ತಾಯಿ, ಈ ಗಿಡಕ್ಕೆ ಒಂದು ಮೊಳ ಎತ್ತರದ ಗಡಿಗೆ ಸಾಕು, ಬಾಯಿ ಅಗಲ ಇದ್ರೆ ಆಯ್ತು. ಇದರೊಳಗೆ ಹಾಕಿದ್ರೆ ಬಿಸ್ಲು ಕಾಣಲ್ಲ" ಅಂದರು. ನಾನು ಅವರ ಕಾಲು ತುಳಿದೆ. ಗುಡಾಣವನ್ನು ನಾಲ್ಕು ಆಳು ಹೊತ್ತುಕೊಂಡು ಹೋದರು.

ತಿಂಗಳು ಕಳೆದ ಮೇಲೆ ಅವರ ಮನೆ ಕಡೆ ಹೋಗಿದ್ದೆ. ಗುಡಾಣ ಪಡಸಾಲೆಯ ಮುಂದೆ ಗಂಭೀರವಾಗಿ ಕೂತಿತ್ತು. ಗಿಡ ಕಾಣಲಿಲ್ಲ. "ಒಳಗಿದೆ, ಬಗ್ಗಿ ನೋಡು" ಅಂದರು ಆಯಮ್ಮ. ಬಗ್ಗಿದೆ. ಆಳದಲ್ಲಿ ಎರಡು ಮಂಕರಿ ಮಣ್ಣು, ಅದರ ಮೇಲೆ ದಾರದಂಥ ಒಂದು ಬಿಳಿಚಿದ ಗಿಡ, ಯಾರಾದರೂ ಮೇಲಕ್ಕೆ ಎತ್ತಿಕೊಳ್ಳಿ ಅನ್ನೋ ಹಾಗೆ ಕತ್ತು ಚಾಚಿಕೊಂಡಿತ್ತು.

ಅಷ್ಟರಲ್ಲಿ ಶಿರಸ್ತೇದಾರರೇ ಕಚೇರಿಯಿಂದ ಬಂದರು. "ಏನಮ್ಮ, ನೀನೇ ಕೊಟ್ಟದ್ದಾ ಇದನ್ನ? ಮೊನ್ನೆ ಅಮಲ್ದಾರರು ಮನೆಗೆ ಬಂದಿದ್ದರು. ಇವಳು ಬಗ್ಗಿ ಬಗ್ಗಿ ನೋಡೋದು ಕಂಡು, ಮನೆ ಮುಂದೆಯೇ ಬಾವಿ ತೋಡಿಸಿದಿರಾ ಅಂತ ಕೇಳಿದರು. ನನ್ನ ಮಾನ ಹೋಯ್ತು."

ಆಯಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು: "ಕೇಳಲಿ ಬಿಡಿ. ಓವರ್ಸಿಯರ್ ಮನೇಲಿ ಬಾವಿಯೂ ಇಲ್ಲ."

೪. ತಗಡಿನ ಡಬ್ಬ

ಈ ಸುಗ್ಗಿ ಹೆಚ್ಚು ದಿನ ನಡೆಯಲಿಲ್ಲ. ಸಂತೆಮಾಳದ ಹತ್ತಿರ ತಗಡಿನ ಕೆಲಸದ ಸಾಬರು ಒಬ್ಬರಿದ್ದರು. ಖಾಲಿ ಸೀಮೆಎಣ್ಣೆ ಡಬ್ಬ ತಂದು, ಬಾಯಿ ಕತ್ತರಿಸಿ, ತಳಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆದು, ಎತ್ತೋಕೆ ಕಂಬಿಯ ಹಿಡಿ ಹಾಕಿ, ಹಸಿರು ಬಣ್ಣ ಬಳಿದು ಸಾಲಾಗಿ ಇಟ್ಟುಬಿಟ್ಟರು. ಬಿದ್ದರೆ ಒಡೆಯೋ ಹಾಗಿಲ್ಲ, ಹೊತ್ತರೆ ಭಾರ ಇಲ್ಲ. ಬಿಡಾರದ ಅಮ್ಮಂದಿರೆಲ್ಲ ಅತ್ತ ತಿರುಗಿದರು.

ವಾರಗಿತ್ತಿಯ ಮೇಲೆ ಹೊಟ್ಟೆಕಿಚ್ಚಿದ್ದರೂ ಎರಡು ಹೊತ್ತಿನ ಊಟ ಸೇರುತ್ತಿತ್ತು. ಸಾಬರ ಡಬ್ಬ ನೋಡಿದ ಮೇಲೆ ಅದೂ ಸೇರಲಿಲ್ಲ. ಮನೆ ಮನೆ ತಿರುಗಿ ಹೇಳಿದೆ: "ನಮ್ಮ ಹಿರಿಯೂರು ಬಿಸ್ಲಿಗೆ ತಗಡು ಕಾದ್ರೆ ಬೇರು ಬೆಂದು ಹೋಗ್ತಾವೆ ಕಣ್ರಮ್ಮ. ಮಣ್ಣಿನ ಗಡಿಗೆ ತಣ್ಣಗಿರ್ತೈತೆ, ಉಸಿರಾಡ್ತೈತೆ." ಮಾತು ಸುಳ್ಳಲ್ಲ. ಆದರೆ ಹೇಳಿದ್ದು ಗಿಡದ ಮೇಲಿನ ಮರುಕಕ್ಕೂ ಅಲ್ಲ.

ಒಂದು ದಿನ ಆ ಸಾಬರೇ ನಮ್ಮ ಮನೆ ಬಾಗಿಲಲ್ಲಿ! "ಎರಡು ಗಡಿಗೆ ಕೊಡ್ರಿ ಅಮ್ಮ, ತಳ ತೂತಿರೋವು."

"ಯಾಕ್ರಿ ಸಾಬರೆ? ತಗಡಿನೋರಿಗೆ ಮಣ್ಣು ಯಾಕೆ ಬೇಕಾಯ್ತು?"

ಅವರು ದನಿ ತಗ್ಗಿಸಿದರು. "ನಮ್ಮ ಮನೆಯೋಳು ಗಿಡ ಹಾಕಬೇಕಂತಾಳೆ. ಡಬ್ಬದಾಗೆ ಬ್ಯಾಡ, ಬೇರು ಬೇಯ್ತಾವೆ ಅಂತಾಳೆ. ನೀವು ಹೇಳಿದ್ದಂತೆ."

"ಮತ್ತೆ ನಿಮ್ಮ ಡಬ್ಬಗಳು?"

"ಅವು ಮಾರಾಕೆ ಅಮ್ಮ."

ಎಷ್ಟು ದಿನದ ಮೇಲೆ ನನ್ನ ಹೊಟ್ಟೆ ತಣ್ಣಗಾಯ್ತು! ಅದೇ ಉಬ್ಬಿನಲ್ಲಿ, ಚೆನ್ನಾಗಿ ಬೆಂದ ಗಡಿಗೆ ಆರಿಸಿಕೊಡೋಣ ಅಂತ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಹೋದ ಮೇಲೆ ನೆನಪಾಯ್ತು. ಕೊಟ್ಟಿಗೆಯ ಮರೆಯಲ್ಲಿ ಹಸಿರು ಡಬ್ಬವೊಂದು, ಅದರಲ್ಲಿ ಮೊಳದುದ್ದದ ವಿಲಾಯ್ತಿ ಬದನೆ. ನನ್ನದೇ. ಗಿಡ ಸಾಯುತ್ತದೋ ಇಲ್ಲವೋ ನೋಡೋಣ ಅಂತ ಪಕ್ಕದ ಮನೆಯವರ ಕೈಲಿ ಗುಟ್ಟಾಗಿ ಡಬ್ಬ ತರಿಸಿದ್ದೆ. ಮಧ್ಯಾಹ್ನದ ಬಿಸಿಲಿಗೆ ಹಿಡಿ ಹಿಡಿದು ನೆರಳಿಗೆ ಇಡೋದು ಸಲೀಸಾಗಿತ್ತು. ಗಿಡ ಸಾಯಲಿಲ್ಲ, ನಾನೂ ಬಿಡಲಿಲ್ಲ.

ಸಾಬರು ಡಬ್ಬವನ್ನೇ ನೋಡುತ್ತಾ ನಿಂತರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು: "ಬೇರು ಇನ್ನೂ ಬೆಂದಿಲ್ಲೇನಮ್ಮ?"

"ಪರೀಕ್ಷೆಗೆ ಇಟ್ಟೀನ್ರಿ" ಅಂದೆ.

ಅವರು ಗಡಿಗೆ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು, ಅವುಗಳ ಮೇಲೆ ಟವಲು ಹೊದಿಸಿದರು. "ನಾನೂ ಪರೀಕ್ಷೆಗೇ ತಗಂಡು ಹೋಗ್ತಿರೋದು. ನಿಮ್ಮ ಕೇರಿ ದಾಟೋವರೆಗೆ ಯಾರೂ ನೋಡದಂಗೆ ಒಂದು ಸಂದಿ ಇದ್ರೆ ತೋರಿಸ್ರಿ."

೫. ಎರಡು ಸಲ ಕಳುವಾದ ಗಿಡ

ಆ ನಾಚಿಕೆಗೆ ಗಿಡವನ್ನು ಡಬ್ಬದಿಂದ ತೆಗೆದು, ನನ್ನ ಗಂಡ ಮಾಡಿದ ಅಗಲಬಾಯಿಯ ಗಡಿಗೆಯಲ್ಲಿ ನೆಟ್ಟು ಅಂಗಳದ ಮುಂದೆ ಇಟ್ಟೆ. ಮಾರನೇ ದಿನವೇ ವಾರಗಿತ್ತಿಯೂ ತನ್ನ ಗಂಡ ಮಾಡಿದ ಗಡಿಗೆಯಲ್ಲಿ ಒಂದು ಗಿಡ ನೆಟ್ಟಳು. ನನ್ನದು ಸೊಂಪಾಗಿ ಬೆಳೆದು ಹೂ ಬಿಟ್ಟಿತು. ಅವಳದು ಬೆಳೆಯಲಿಲ್ಲ. ನಾನು ದಿನಾ ಅವಳಿಗೆ ಕೇಳೋ ಹಾಗೆ ಚೊಂಬು ಸದ್ದು ಮಾಡಿ ನೀರು ಹಾಕುತ್ತಿದ್ದೆ.

ಹರಕೆ ಇತ್ತು ಅಂತ ಹೊಸದುರ್ಗದ ಕಡೆಯ ಹಾಲುರಾಮೇಶ್ವರಕ್ಕೆ ಹೋಗಿ ನಾಲ್ಕು ದಿನಕ್ಕೆ ಬಂದೆ. ಬಂದು ನೋಡಿದರೆ ನನ್ನ ಬಾಗಿಲ ಮುಂದಿನ ಗಿಡ ಸೊರಗಿ, ಎಲೆ ಮುದುಡಿ ನಿಂತಿದೆ. ಎದುರಿಗೆ ಅವಳ ಗಿಡ ಮಿರಮಿರ ಮಿಂಚುತ್ತಿದೆ! ಗಡಿಗೆಗೆ ಕೆಮ್ಮಣ್ಣು ಬಳಿದು, ಸುಣ್ಣದ ಚುಕ್ಕಿ ಬೇರೆ ಇಟ್ಟಿದ್ದಳು. "ಕಣ್ಣು ಬಿದ್ದೈತೆ ಕಣೇ" ಅಂದರು ಅತ್ತೆ. ಉಪ್ಪು, ಮೆಣಸಿನಕಾಯಿ ತಂದು ಗಿಡಕ್ಕೆ ನಿವಾಳಿಸಿದೆ. ಗಿಡ ಏಳಲಿಲ್ಲ. ಎದುರಿನ ಗಿಡದಲ್ಲಿ ಮೂರು ಕಾಯಿ ಬಿಟ್ಟವು, ದಪ್ಪಗಾದವು, ಹಳದಿಯಾದವು. ಅವು ಕೆಂಪಾಗೋಕೆ ಶುರುವಾದ ದಿನ ನಾನು ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಅದೇ ವಾರ ಅವಳು ತಮ್ಮನ ಮಗುವಿನ ನಾಮಕರಣಕ್ಕೆ ಹೊಳಲ್ಕೆರೆಗೆ ಹೋದಳು. ಮಧ್ಯಾಹ್ನ ಕೇರಿಯೆಲ್ಲ ಮಲಗಿತ್ತು. ಅವಳ ಗಡಿಗೆಯನ್ನು ಎಳೆದು ತಂದು ನನ್ನ ಬಾಗಿಲಲ್ಲಿ ಇಟ್ಟು, ಬಣ್ಣ ಕಾಣದ ಹಾಗೆ ಗೋಣಿತಾಟು ಸುತ್ತಿದೆ. ಸೊರಗಿದ ಗಿಡದ ಗಡಿಗೆಗೆ ಕೆಮ್ಮಣ್ಣು ಬಳಿದು, ಚುಕ್ಕಿ ಇಟ್ಟು, ಅವಳ ಬಾಗಿಲಲ್ಲಿ ಇಟ್ಟೆ. ಆಮೇಲೆ ನಾಲ್ಕು ದಿನ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಹಲ್ಲಿ ಲೊಚಗುಟ್ಟಿದರೂ ನನ್ನನ್ನೇ ಕಳ್ಳಿ ಅಂದಂತೆ. ಎರಡು ಹೊತ್ತೂ ದೀಪ ಹಚ್ಚಿ ತಪ್ಪಾಯ್ತು ಅಂತ ಅಡ್ಡಬಿದ್ದೆ. ಗಿಡ ಮಾತ್ರ ವಾಪಸು ಇಡಲಿಲ್ಲ.

ಅವಳು ಬಂದಳು. ಅಂಗಳದಲ್ಲಿ ಗಂಟು ಕೆಳಗಿಡೋಕೆ ಮೊದಲೇ ಕೂಗಿದಳು: "ಅಯ್ಯೋ, ನನ್ನ ಗಿಡ!"

"ನೀರಿಲ್ದೆ ಬಿಟ್ಟೋದ್ರೆ ಗಿಡ ಇನ್ನೇನಾಗ್ತೈತೆ?" ಅಂದೆ ಬಾಗಿಲಿಂದ. "ನನ್ನದು ನೋಡು, ಚೇತರಿಸ್ಕಂಡೈತೆ."

"ನಾಲ್ಕೇ ದಿನಕ್ಕೆ ಚೇತರಿಸ್ಕಂಡು, ಹೂ ಬಿಟ್ಟು, ಕಾಯಾಗಿ, ಹಣ್ಣೂ ಆಯ್ತಾ ಅಕ್ಕ?"

"ಹರಕೆ ಫಲ" ಅಂದೆ.

ಅವಳು ನಾಲ್ಕು ಹೆಜ್ಜೆಗೆ ಬಂದು ಗೋಣಿತಾಟು ಕಿತ್ತೆಸೆದಳು. ಕೆಮ್ಮಣ್ಣು, ಸುಣ್ಣದ ಚುಕ್ಕಿ. "ನೋಡ್ರಪ್ಪೋ! ನಾನಿಟ್ಟ ಚುಕ್ಕಿ! ನನ್ನ ಗಡಿಗೆ!" ಗದ್ದಲಕ್ಕೆ ಅಣ್ಣತಮ್ಮಂದಿರಿಬ್ಬರೂ ತಿಗರಿ ಬಿಟ್ಟು ಬಂದರು.

"ಕುಂಬಾರರ ಮನೇಲಿ ಗಡಿಗೆ ಯಾರದ್ದು ಅಂತ ಬಣ್ಣ ನೋಡಿ ಹೇಳ್ತಾರಾ?" ಅಂದರು ನನ್ನ ಗಂಡ. ಒದ್ದೆ ಬಟ್ಟೆ ತಂದು ಗಡಿಗೆ ಒರೆಸಿದರು. ಕೆಮ್ಮಣ್ಣು ಹೋಯ್ತು. ಬಾಯಂಚಿನ ಕೆಳಗೆ ಸೊಟ್ಟಗಿನ ಒಂದು ಹೆಬ್ಬೆರಳ ಗುರುತು. ನನ್ನ ಗಂಡನ ಹೆಬ್ಬೆರಳು ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡದ್ದು. ಆ ಗುರುತು ಲೋಕದಲ್ಲಿ ಇನ್ನೊಬ್ಬರು ಹಾಕೋ ಹಾಗಿಲ್ಲ. "ಇದು ನಾನು ಮಾಡಿದ್ದು" ಅಂದರು. ಸೊರಗಿದ ಗಿಡದ ಗಡಿಗೆ ಒರೆಸಿದರೆ ಅದರಲ್ಲಿ ಮೈದುನನ ಗುರುತು. ಅದನ್ನು ಓರೆ ಮಾಡಿ ತಳ ನೋಡಿದರು. "ತೂತಿಗೆ ಸಗಣಿ ಮೆತ್ತಿದಾರಲ್ಲ! ನೀರು ನಿಂತು ಬೇರು ಕೊಳೆತೈತೆ."

"ನೀರು ಸುಮ್ನೆ ದಂಡ ಆಗ್ತಿತ್ತು ಭಾವ, ಒಂಚೂರು ನಿಂತ್ರೆ ಏನಾಗ್ತೈತೆ ಅಂದ್ಕಂಡೆ" ಅಂದಳು ವಾರಗಿತ್ತಿ ಮೆಲ್ಲಗೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಆಗ ಎಲ್ಲರಿಗೂ ತಿಳಿಯಿತು. ನಾನು ಹರಕೆಗೆ ಹೋದಾಗಲೇ ಅವಳು ತನ್ನ ಕೊಳೆತ ಗಿಡವನ್ನು ನನ್ನ ಬಾಗಿಲಿಗೆ ಇಟ್ಟು, ನನ್ನ ಗಿಡ ಒಯ್ದು, ಗುರುತು ಸಿಗಬಾರದು ಅಂತ ಕೆಮ್ಮಣ್ಣು ಬಳಿದಿದ್ದಳು. ನಾಲ್ಕು ದಿನ ದೀಪ ಹಚ್ಚಿ ಅಡ್ಡಬಿದ್ದದ್ದು ನನ್ನದೇ ಗಿಡ ಕದ್ದದ್ದಕ್ಕೆ!

"ಕಳ್ಳಿ!" ಅಂತ ಕೂಗಿದೆ.

ಅವಳು ಸೊಂಟದ ಮೇಲೆ ಕೈಯಿಟ್ಟಳು. "ಅಕ್ಕ, ನಿಮ್ಮದು ಅಂತ ಗೊತ್ತಿದ್ದು ತಂದ್ರಾ, ಗೊತ್ತಿಲ್ದೆ ತಂದ್ರಾ? ಅದೊಂದು ಹೇಳಿಬಿಡ್ರಿ."

ನಾನು ಕೆಳಗೆ ಬಿದ್ದಿದ್ದ ಗೋಣಿತಾಟು ಎತ್ತಿ ಮಡಚೋಕೆ ಶುರುಮಾಡಿದೆ. ಅಷ್ಟು ಹೊತ್ತೂ ಅಂಗಳದ ಕಲ್ಲಿನ ಮೇಲೆ ಕೂತಿದ್ದ ಅತ್ತೆ ಆಗ ಎದ್ದರು. "ಅವಳು ಹೊತ್ಕಂಡು ಹೋಗಿದ್ದೂ ನೋಡಿದೆ, ನೀನು ಎಳ್ಕಂಡು ಬಂದಿದ್ದೂ ನೋಡಿದೆ" ಅಂದರು.

"ಹಂಗಾದ್ರೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಬೆಳಿಗ್ಗೆ ಉಣ್ಣೋದು ನಿನ್ನ ಮನೇಲಿ, ಸಂಜೆ ಅವಳ ಮನೇಲಿ. ಯಾವ ಊಟ ಬಿಡಲಿ ಹೇಳು?"

ಹಾಗಂದು ಗಿಡದ ಹತ್ತಿರ ಬಂದು ಮೂರು ಹಣ್ಣನ್ನೂ ಕಿತ್ತರು. ಯಾರಿಗೆ ಕೊಡುತ್ತಾರೋ ಅಂತ ನಾವಿಬ್ಬರೂ ಸೆರಗು ಒಡ್ಡಿ ನಿಂತೆವು. ಅವರು ಒಂದನ್ನು ಕಚ್ಚಿದರು. ನಮ್ಮಲ್ಲಿ ಯಾರೂ ಅಲ್ಲಿಯವರೆಗೆ ಅದರ ರುಚಿ ನೋಡಿರಲಿಲ್ಲ. ರಸ ಗಲ್ಲದ ಮೇಲೆ ಇಳಿಯಿತು, ಮುಖ ಕಿವುಚಿತು.

"ಥೂ! ವಿಷ ಇದ್ದಂಗೈತೆ."

"ನೋಡಾಣ ಅತ್ತೆ, ಒಂಚೂರು" ಅಂತ ಇಬ್ಬರೂ ಕೈ ಚಾಚಿದೆವು.

ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ಬ್ಯಾಡ ಬ್ಯಾಡ. ನೀವು ಮಕ್ಕಳೊಂದಿಗರು, ಬಾಳಿ ಬದುಕಬೇಕಾದೋರು. ಏನಾದ್ರೂ ಆಗೋದಿದ್ರೆ ನನಗೇ ಆಗ್ಲಿ. ಹೋಗಿ ಉಪ್ಪು ತಗಂಬರ್ರಿ."

ನಾನು ನನ್ನ ಮನೆಗೆ ಓಡಿದೆ, ಅವಳು ಅವಳ ಮನೆಗೆ ಓಡಿದಳು. ಅತ್ತೆ ಎರಡೂ ಮನೆಯ ಉಪ್ಪು ಅದ್ದಿಕೊಂಡು, ಒಂದೊಂದು ಕಡಿತಕ್ಕೂ ಒಂದೊಂದು ಸಲ ಥೂ ಅನ್ನುತ್ತಾ, ಮೂರು ಹಣ್ಣನ್ನೂ ಮುಗಿಸಿದರು. ಬೆರಳು ನೆಕ್ಕಿ, ಉಳಿದ ಮೂರು ತೊಟ್ಟುಗಳನ್ನು ನಮ್ಮ ಮುಂದಿನ ಕಲ್ಲಿನ ಮೇಲೆ ಜೋಡಿಸಿದರು.

"ತಗಳ್ರಿ, ಜಗಳ ಆಡ್ದೆ ಇಬ್ರೂ ಹಂಚ್ಕಳ್ರಿ."

ನಾನೊಂದು ತೊಟ್ಟು ತಗೊಂಡೆ, ಅವಳೊಂದು ತಗೊಂಡಳು. ಮೂರನೆಯದಕ್ಕೆ ಇಬ್ಬರೂ ಒಟ್ಟಿಗೇ ಕೈ ಹಾಕಿದೆವು.